ಮೊಲದ ಹಲ್ಲು

ಹಲ್ಲು ಕಟ್ಟುವ ಲ್ಯಾಬು, ಕಿಟಕಿ ಪಕ್ಕದ ಮೇಜು
ಬುಧವಾರ, ಊಟದ ಬಿಡುವು

ನನ್ನ ಮುದ್ದು ಮೊಲಕ್ಕೆ,

ಹೇಗಿದ್ದೀಯ ಮಗಳೇ? ಫೋನಿನಲ್ಲಿ ಕೇಳಿದರೆ ನಾನು ಮಾತು ಮುಗಿಸುವುದರೊಳಗೆ "ಚೆನ್ನಾಗಿದ್ದೀನಪ್ಪ" ಅಂದುಬಿಡುತ್ತೀಯ. ಅದಕ್ಕೇ ಕಾಗದದಲ್ಲಿ ಕೇಳುತ್ತಿದ್ದೇನೆ, ಇಲ್ಲಿ ತಕ್ಷಣ ಉತ್ತರ ಕೊಡಬೇಕೆಂಬ ಅವಸರವಿಲ್ಲ. ವಸಡಿನ ಗಾಯ ಮಾಗಿದೆಯೆ? ಅನ್ನ ಮೆತ್ತಗೆ ಮಾಡಿಕೊಂಡು ಉಣ್ಣುತ್ತಿದ್ದೀಯೋ, ಇಲ್ಲ ಎಲ್ಲರಿಗೂ ಬಡಿಸಿ ಮಿಕ್ಕಿದ್ದನ್ನು ನುಂಗುತ್ತಿದ್ದೀಯೋ? ತಣ್ಣೀರು ತಾಗಿದರೆ ಪಕ್ಕದ ಹಲ್ಲು ಜುಮ್ಮೆನ್ನುತ್ತದೆಯೆ? ಜುಮ್ಮೆಂದರೆ ಡಾಕ್ಟರಮ್ಮನಿಗೆ ಹೇಳು, ಸಹಿಸಿಕೊಂಡು ಕೂರಬೇಡ. ಪುಟ್ಟಿಯ ಹಲ್ಲು ಬಿದ್ದ ಜಾಗದಲ್ಲಿ ಹೊಸದು ಬೆಳ್ಳಗೆ ಇಣುಕಿದೆಯೆ? ನಾಲಗೆಯಿಂದ ತಳ್ಳಬೇಡವೆಂದು ಹೇಳು. ಹೇಳಿದರೂ ತಳ್ಳುತ್ತಾಳೆ, ನೀನೂ ತಳ್ಳುತ್ತಿದ್ದೆ.

ಇದನ್ನು ನೀನು ಡಾಕ್ಟರಮ್ಮನ ಕುರ್ಚಿಯಲ್ಲಿ ಒರಗಿಕೊಂಡು ಓದುತ್ತಿರುತ್ತೀಯ. ಗಾಬರಿಯಾಗಬೇಡ. ಬಾಗಿಲು ಹಾಕಿದೆ. ಅಳಿಯಂದಿರು ಹೊರಗಿನ ಬೆಂಚಿನ ಮೇಲಿದ್ದಾರೆ. ಹಲ್ಲು ಕೊರೆಯುವ ಸದ್ದು ಅವರಿಗೆ ಆಗುವುದಿಲ್ಲವಂತೆ, ಒಳಗೆ ಕಾಲಿಡುವುದಿಲ್ಲ ಎಂದು ಡಾಕ್ಟರಮ್ಮ ಹೇಳಿದ್ದಾರೆ. ನೀನು ಓದುವಷ್ಟು ಹೊತ್ತೂ ಡಾಕ್ಟರಮ್ಮ ಮಷೀನನ್ನು ಸುಮ್ಮನೆ ಗಾಳಿಯಲ್ಲಿ ಓಡಿಸುತ್ತಿರುತ್ತಾರೆ. ಆದ್ದರಿಂದ ನಿಧಾನವಾಗಿ ಓದು. ಓದಿಯಾದ ಮೇಲೆ ಅವರ ಕೈಗೇ ಕೊಡು, ಚೀಲದಲ್ಲಿಟ್ಟುಕೊಂಡು ಹೋಗಬೇಡ. ನಿನ್ನ ಚೀಲವನ್ನು ಬೇರೆ ಕೈಯೂ ತೆಗೆಯುತ್ತದೆ ಎಂದು ಅಮ್ಮನಿಗೆ ಅನುಮಾನ. ಅವಳ ಅನುಮಾನ ಸುಳ್ಳಾದದ್ದು ಕಡಿಮೆ.

ನನಗೆ ಹೇಗೆ ಗೊತ್ತಾಯಿತು ಅನ್ನುತ್ತೀಯ. ಹೇಳುತ್ತೇನೆ. ಆದರೆ ನೇರವಾಗಿ ವಿಷಯಕ್ಕೆ ಬರುವುದು ನಿನ್ನಪ್ಪನ ಜಾಯಮಾನವಲ್ಲ. "ಉಪ್ಪು ತನ್ನಿ ಅಂದ್ರೆ ದಾರೀಲಿ ಸಿಕ್ಕವರ ಕಥೆಯೆಲ್ಲ ತರ್ತಾರೆ, ಉಪ್ಪೊಂದು ಬಿಟ್ಟು" ಎಂದು ಅಮ್ಮ ಅನ್ನುವುದು ನಿನಗೆ ಗೊತ್ತೇ ಇದೆ. ಸ್ವಲ್ಪ ತಾಳು.

ಅಮ್ಮ ಚೆನ್ನಾಗಿದ್ದಾಳೆ ಎಂದು ಬರೆದರೆ ಸುಳ್ಳಾಗುತ್ತದೆ, ಓಡಾಡಿಕೊಂಡಿದ್ದಾಳೆ ಅಷ್ಟೆ. ಮಂಡಿಗೆ ಎಣ್ಣೆ ಹಚ್ಚಿಕೊಂಡು ಸ್ವಲ್ಪ ಹೊತ್ತು ನನ್ನನ್ನು ಬೈದರೆ ನೋವು ಇಳಿಯುತ್ತದಂತೆ, ಹಾಗಾಗಿ ಮನೆಯಲ್ಲಿ ನಾನೂ ಒಂದು ಔಷಧಿಯಾಗಿದ್ದೇನೆ. ನನಗೆ ಸೊಂಟ ಹಿಡಿದುಕೊಳ್ಳುತ್ತದೆ, ಕನ್ನಡಕದ ನಂಬರು ಏರಿದೆ, ಮೆಟ್ಟಿಲು ಹತ್ತಿದರೆ ಏದುಸಿರು. ಕೈ ಮಾತ್ರ ಇನ್ನೂ ನಡುಗುವುದಿಲ್ಲ. ಮಾಲೀಕರು ತಾನೇ ಹಲ್ಲು ಕೆತ್ತುವ ಹೊಸ ಮಷೀನೊಂದನ್ನು ತಂದು ಕೂರಿಸಿದ್ದಾರೆ. ಗಾಜಿನ ಪೆಟ್ಟಿಗೆಯೊಳಗೆ ಅದು ದಿನವಿಡೀ ಗುಂಯ್ ಎನ್ನುತ್ತಿರುತ್ತದೆ. ಆದರೂ ಮುಂದಿನ ಹಲ್ಲಿನ ಕೆಲಸ ನನ್ನ ಮೇಜಿಗೇ ಬರುತ್ತದೆ, ಯಾಕೆಂದರೆ ಮುಂದಿನ ಹಲ್ಲನ್ನು ಜನ ನೋಡುತ್ತಾರೆ. ಇಷ್ಟು ವರ್ಷದಲ್ಲಿ ಈ ಮೇಜಿನಿಂದ ಹೋದ ಹಲ್ಲು ಸರಿಯಾಗಿ ಕೂರುತ್ತಿಲ್ಲ ಎಂದು ವಾಪಸು ಬಂದದ್ದಿಲ್ಲ. ಬಂದಿದ್ದರೆ ಅದು ಅಳತೆ ತೆಗೆದ ಡಾಕ್ಟರ ತಪ್ಪು, ನನ್ನದಲ್ಲ. ಈ ಮಾತು ಬಂದಾಗಲೆಲ್ಲ ನೀನೂ ಅಮ್ಮನೂ ಮುಖ ಮುಖ ನೋಡಿಕೊಂಡು ನಗುತ್ತಿದ್ದಿರಿ. ನಗಿ, ಆದರೂ ನಿಜ.

ಬೇರೆ ಊರುಗಳ ಡಾಕ್ಟರುಗಳು ಕಳಿಸುವ ಡಬ್ಬಿಗಳನ್ನು ತರಲು ದಿನಾ ಬೆಳಗ್ಗೆ ಬಸ್ ನಿಲ್ದಾಣಕ್ಕೆ ಹೋಗುತ್ತೇನೆ. ನೀನು ಆ ಮೈಕಿನ ಕೆಲಸ ಬಿಟ್ಟು ಇಷ್ಟು ಕಾಲವಾದರೂ ಅವರು ನಿನ್ನ ದನಿಯನ್ನು ತೆಗೆದುಹಾಕಿಲ್ಲ. "ಪ್ರಯಾಣಿಕರೇ, ದಯವಿಟ್ಟು ಗಮನಿಸಿ" ಎನ್ನುವುದು ನೀನು, ಊರಿನ ಹೆಸರು ಹೇಳುವುದು ಈಗಿನ ಹುಡುಗಿ, ಆಮೇಲೆ "ಹೋಗುವ ಬಸ್ಸು ಸಿದ್ಧವಾಗಿದೆ" ಎನ್ನುವುದು ಮತ್ತೆ ನೀನು. ಆ ಹುಡುಗಿಗೆ ಯಾವಾಗಲೂ ನೆಗಡಿ, ಪಾಪ. ನಡುವೆ ಸಿಕ್ಕಿಹಾಕಿಕೊಂಡ ಊರುಗಳೆಲ್ಲ ಮೂಗಿನಿಂದ ಬರುತ್ತವೆ. ನಿನ್ನ 'ಬಸ್ಸು' ಮಾತ್ರ ಗಾಜಿನ ಲೋಟಕ್ಕೆ ಚಮಚ ತಾಗಿಸಿದ ಹಾಗೆ ಕೇಳುತ್ತದೆ. ಪಾರ್ಸೆಲ್ ಕೌಂಟರಿನವನಿಗೆ ಒಮ್ಮೆ ಹೇಳಿದ್ದೆ, ನನ್ನ ಮಗಳು ಅದು ಎಂದು. ಅಂದಿನಿಂದ ಅವನು ನನಗೆ ಕೂರಲು ಸ್ಟೂಲು ಕೊಡುತ್ತಾನೆ.

ಅದಕ್ಕೇ ಹೋದ ತಿಂಗಳು ನೀನು ಫೋನು ಮಾಡಿದಾಗ ಮೊದಲ ಮಾತಿಗೇ ನನ್ನ ಕಿವಿ ನಿಮಿರಿತು. ನಿನ್ನ 'ಸ' ಸರಿಯಿರಲಿಲ್ಲ, ಗಾಳಿ ಸೋರುತ್ತಿತ್ತು. ಕೇಳಿದರೆ "ನೆಗಡಿ ಅಪ್ಪ" ಅಂದೆ. ನೆಗಡಿಯಾದರೆ 'ಮ', 'ನ' ಕಟ್ಟಿಕೊಳ್ಳುತ್ತವೆ ಮಗಳೇ. 'ಸ' ಸೋರಬೇಕಾದರೆ ಮುಂದೆ ಹಲ್ಲಿನ ಗೋಡೆಯಿರಬಾರದು. ನಾನು ಅದನ್ನು ಯೋಚಿಸುತ್ತಿರುವಾಗಲೇ ಪುಟ್ಟಿ ಫೋನು ಕಿತ್ತುಕೊಂಡು, "ಅಜ್ಜಾ, ನನ್ ಹಲ್ಲು ಬಿತ್ತು. ಅಮ್ಮಂದೂ ಎರಡು ಬಿತ್ತು. ನಂದು ಮತ್ತೆ ಬರತ್ತಂತೆ, ಅಮ್ಮಂದೂ ಬರತ್ತಾ?" ಎಂದಳು. ನೀನು "ಬಚ್ಚಲಲ್ಲಿ ಕಾಲು ಜಾರಿತಪ್ಪ, ಏನಿಲ್ಲ" ಅಂದೆ. ಹಿಂದಿನಿಂದ ಅಳಿಯಂದಿರು "ಎಷ್ಟು ಸಲ ಹೇಳಿದೀನಿ ಮಾವ, ನೋಡ್ಕೊಂಡು ನಡಿ ಅಂತ, ಕೇಳಲ್ಲ" ಎಂದರು. ಅವರ ದನಿ ನಿನ್ನ ದನಿಗಿಂತ ಹತ್ತಿರದಿಂದ ಕೇಳಿತು. ನಿನ್ನ ಫೋನು ಯಾವಾಗಲೂ ಸ್ಪೀಕರಿನಲ್ಲಿರುತ್ತದೆ ಎನ್ನುವುದು ನನ್ನ ಮಂಕು ತಲೆಗೆ ಹೊಳೆದದ್ದು ಆವತ್ತೇ.

ಬಚ್ಚಲು. ಆ ಮಾತು ನನಗೆ ಹೊಸದಲ್ಲ. ಹಲ್ಲಿನ ಬಣ್ಣ ಹೊಂದಿಸುವುದಕ್ಕೆಂದು ಡಾಕ್ಟರುಗಳು ಕೆಲವರನ್ನು ನೇರವಾಗಿ ಲ್ಯಾಬಿಗೇ ಕಳಿಸುತ್ತಾರೆ. ನನ್ನ ಎದುರು, ಕಿಟಕಿಯ ಬೆಳಕಿಗೆ ಕೂರಿಸಿ, ಬಣ್ಣದ ಪಟ್ಟಿಯನ್ನು ತುಟಿಯ ಹತ್ತಿರ ಹಿಡಿದು ನೋಡುತ್ತೇನೆ. ಸುಮ್ಮನೆ ಕೂತರೆ ಮುಖ ಬಿಗಿಯುತ್ತಾರೆಂದು ಮಾತಿಗೆ "ಏನಾಯ್ತಮ್ಮ?" ಎಂದು ಕೇಳುವುದು ರೂಢಿ. ಗಂಡಸರಾದರೆ ಬೈಕು, ಚೆಂಡು, ಕುಡಿದು ಚರಂಡಿ, ಒಬ್ಬೊಬ್ಬನದು ಒಂದೊಂದು ಕಥೆ, ಹೇಳಿಕೊಂಡು ತಾವೇ ನಗುತ್ತಾರೆ. ಹೆಂಗಸರದು ಒಂದೇ ಕಥೆ. ಬ್ಯಾಂಕಿನ ಮ್ಯಾನೇಜರಾಗಿದ್ದಾಕೆ ಬಚ್ಚಲಲ್ಲಿ ಜಾರಿದ್ದರು. ಅವರ ಮೆಟ್ಟಿಲು ಒರೆಸುವಾಕೆಯೂ ಬಚ್ಚಲಲ್ಲೇ ಜಾರಿದ್ದಳು. ಮದುವೆಯಾಗಿ ಇನ್ನೂ ಹೊಸ ಸೀರೆಯ ಗಂಜಿ ಇಳಿಯದ ಹುಡುಗಿ, ಪೊಲೀಸನ ಹೆಂಡತಿ, ಮಗನ ಮನೆಯಲ್ಲಿದ್ದ ಮುದುಕಿ, ಎಲ್ಲರೂ ಜಾರಿದವರೇ. ಕೆಲವರಿಗೆ ಬಾಗಿಲು ಬಡಿದಿತ್ತು. ಒಬ್ಬಳಿಗೆ ಮಗು ತಲೆ ಹಾಯಿಸಿತ್ತು, ಆಮೇಲೆ ವಿಚಾರಿಸಿದರೆ ಅವಳಿಗೆ ಮಗುವೇ ಇರಲಿಲ್ಲ. ನಮ್ಮ ಪಾಲಿಶ್ ಅಕ್ಕ ಇದ್ದಾಳಲ್ಲ, ನೀನು ಚಿಕ್ಕವಳಿದ್ದಾಗ ನಿನಗೆ ಮೇಣದ ಗೊಂಬೆ ಮಾಡಿಕೊಡುತ್ತಿದ್ದವಳು, ಅವಳು ಚಕ್ರದ ಮುಂದೆ ಕೂತು ಹಲ್ಲಿಗೆ ಹೊಳಪು ಕೊಡುತ್ತಾ, "ಈ ಊರಿನ ಬಚ್ಚಲನ್ನೆಲ್ಲ ಯಾರಾದ್ರೂ ಒಂದ್ಸಲ ಚೆನ್ನಾಗಿ ಉಜ್ಜಬೇಕು ನೋಡಿ. ಗಂಡಸರು ಸ್ನಾನವೇ ಮಾಡಲ್ವೋ ಏನೋ, ಅವರೊಬ್ಬರೂ ಜಾರಲ್ಲ" ಎನ್ನುತ್ತಿದ್ದಳು. ಇಡೀ ಲ್ಯಾಬು ನಗುತ್ತಿತ್ತು. ಅವಳು ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತಿದ್ದಳು. ಅವಳ ಮುಂದಿನ ಹಲ್ಲುಗಳನ್ನೂ ನಾನೇ ಮಾಡಿದ್ದು. ಹೊಡೆಯುತ್ತಿದ್ದ ಗಂಡ ಮಣ್ಣಾಗಿ ಎಷ್ಟೋ ವರ್ಷವಾಯಿತು, ಹಲ್ಲು ಮುತ್ತಿನಂತಿವೆ, ಆದರೂ ಆ ಕೈ ಇನ್ನೂ ಕೆಳಗಿಳಿದಿಲ್ಲ.

ಒಬ್ಬಾಕೆಯ ಮಾತು ಮಾತ್ರ ಮರೆಯಲಾಗಿಲ್ಲ. ಶಾಲೆಯ ಟೀಚರು, ತಗ್ಗಿದ ದನಿ. ಅದೇ ಎರಡು ಹಲ್ಲಿಗೆ ಮತ್ತೊಮ್ಮೆ ಬಂದು ಇದೇ ಕುರ್ಚಿಯಲ್ಲಿ ಕೂತು, "ಈ ಸಲ ಸ್ವಲ್ಪ ಗಟ್ಟಿಯಾಗಿರೋದು ಮಾಡಿಕೊಡಿ" ಎಂದರು. ಬಳೆ ಅಂಗಡಿಯಲ್ಲಿ ಕೇಳುವ ಹಾಗೆ ಕೇಳಿದರು. ನಾನು ಹೂಂ ಎಂದೆ. ಎಷ್ಟು ಗಟ್ಟಿಯಾಗಿ ಮಾಡಲಿ ಹೇಳು?

ಈಗ ವಿಷಯಕ್ಕೆ ಬರುತ್ತೇನೆ. ನಿಮ್ಮ ಊರಿನ ಈ ಡಾಕ್ಟರಮ್ಮ ಇತ್ತೀಚೆಗಷ್ಟೇ ನಮ್ಮ ಲ್ಯಾಬಿಗೆ ಕೆಲಸ ಕಳಿಸತೊಡಗಿದವರು. ನೀನು ಅವರಲ್ಲಿಗೆ ಹೋಗಿದ್ದೀಯೆಂದು ನನಗೆ ಗೊತ್ತಿರಲಿಲ್ಲ. ನಿನ್ನ ಬಾಯಿಯ ಅಚ್ಚು ಬಸ್ಸು ಹತ್ತಿ ನಿನ್ನಪ್ಪನ ಮೇಜಿಗೇ ಬಂದು ಕೂರುತ್ತದೆಂದು ನಿನಗೂ ಗೊತ್ತಿರಲಿಲ್ಲ. ಹೋದ ವಾರ ಬಂದ ಡಬ್ಬಿಯ ಚೀಟಿಯಲ್ಲಿ ಹೆಸರಿರಲಿಲ್ಲ. ಹೆಂಗಸು, ಮೇಲಿನ ಮುಂದಿನ ಎರಡು, ತೆಗೆದು ಹಾಕುವ ಹಲ್ಲಿನ ಪ್ಲೇಟು, ಬೇಗ ಬೇಕು, ಅಷ್ಟೇ. ಮಾಮೂಲಿನಂತೆ ಅಚ್ಚಿಗೆ ಪ್ಲಾಸ್ಟರು ಹುಯ್ದು, ಒಣಗಿದ ಮೇಲೆ ಬಿಡಿಸಿ, ಪುಡಿ ಊದಿ ಬೆಳಕಿಗೆ ಹಿಡಿದೆ. ಎಡಗಡೆಯ ಕೋರೆಹಲ್ಲು ಹೆಗಲು ತಿರುಗಿಸಿ ನಿಂತಿತ್ತು.

ನೀನು ಹೈಸ್ಕೂಲಿನಲ್ಲಿದ್ದಾಗ ಆ ಹಲ್ಲನ್ನು ನೆಟ್ಟಗೆ ಮಾಡಿಸೋಣವೆಂದು ಅಚ್ಚು ತೆಗೆಯುವಾಗ ನನ್ನ ಬೆರಳು ಕಚ್ಚಿಸಿಕೊಂಡಿದ್ದೆ. "ಅಮ್ಮನಿಗೂ ಹೀಗೇ ಇದೆ, ನಂಗೂ ಇರಲಿ ಬಿಡಿ" ಎಂದು ನೀನು ಎದ್ದು ಓಡಿದ್ದೆ. ಆ ಹಳೆಯ ಪ್ಲಾಸ್ಟರು ಹಲ್ಲು ಲ್ಯಾಬಿನ ಬೀರುವಿನ ಮೇಲೆ ಇನ್ನೂ ಇದೆ. ಮುಂದಿನ ಎರಡು ಹಲ್ಲು ಅಗಲವಾಗಿ ಎದ್ದುಕೊಂಡು ಇವೆಯೆಂದು ಪಾಲಿಶ್ ಅಕ್ಕ ಅದಕ್ಕೆ ರಟ್ಟಿನ ಎರಡು ಕಿವಿ ಅಂಟಿಸಿದ್ದಳಲ್ಲ, ಆವತ್ತಿನಿಂದಲೇ ನೀನು ಮೊಲವಾದದ್ದು. ಅದನ್ನು ಕೆಳಗಿಳಿಸಿ, ಧೂಳು ಒರೆಸಿ, ಹೊಸದರ ಪಕ್ಕದಲ್ಲಿಟ್ಟೆ. ಅಂಗುಳಿನ ಗೆರೆಗೆ ಗೆರೆ ಕೂಡಿತು. ಒಂದಕ್ಕೆ ಕಿವಿಯಿತ್ತು, ಹಲ್ಲಿತ್ತು. ಇನ್ನೊಂದಕ್ಕೆ ಎರಡೂ ಇರಲಿಲ್ಲ. ಎಷ್ಟು ಹೊತ್ತು ಹಾಗೆ ಕೂತಿದ್ದೆನೋ, ಅಕ್ಕ ಚಕ್ರ ನಿಲ್ಲಿಸಿ ಬಂದು ನೋಡಿದಳು. ರಟ್ಟಿನ ಕಿವಿಗಳನ್ನು ಮೆಲ್ಲಗೆ ಕಿತ್ತು ತನ್ನ ಜೇಬಿಗೆ ಹಾಕಿಕೊಂಡಳು.

ಇನ್ನೊಂದು ವಿಷಯ ಬರೆಯಬೇಕೋ ಬೇಡವೋ ಎಂದು ಪೆನ್ನು ಎತ್ತಿ ಇಟ್ಟು ಮಾಡಿದೆ. ಬರೆಯುತ್ತೇನೆ. ಕೆಳಗಿನ ಸಾಲಿನಲ್ಲಿ ಒಂದು ಹಲ್ಲಿನ ಮೂಲೆ ಮುರಿದಿದೆ, ಅದರ ಅಂಚು ಉಂಡು ತಿಂದು ನಯವಾಗಿ ಸವೆದಿದೆ. ಅಂದರೆ ಅದು ಈ ಸಲದ್ದಲ್ಲ, ಹಳೆಯದು. ನಿನ್ನನ್ನು ಕಳಿಸಿಕೊಟ್ಟಾಗ ಆ ಹಲ್ಲು ಇಡಿಯಾಗಿತ್ತು. ನಾನು ಡಾಕ್ಟರಲ್ಲ, ಇಂಥದರಿಂದಲೇ ಹೀಗಾಯಿತೆಂದು ಹೇಳುವ ಅಧಿಕಾರ ನನಗಿಲ್ಲ. ಆದರೆ ನಿನ್ನ ಬಚ್ಚಲು ಅಷ್ಟು ವರ್ಷದಿಂದ ಜಾರುತ್ತಿದೆ ಎಂದು ನಂಬುವಷ್ಟು ದಡ್ಡನೂ ಅಲ್ಲ.

ಸಂಜೆ ಆ ಹೊಸ ಪ್ಲಾಸ್ಟರನ್ನು ಊಟದ ಡಬ್ಬಿಯ ಚೀಲದಲ್ಲಿ ಹಾಕಿಕೊಂಡು ಮನೆಗೆ ಹೋದೆ. ಅಮ್ಮನಿಗೆ ಹೇಗೆ ಹೇಳುವುದೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಅವಳು ನನ್ನ ಮಾತಿಗೆ ಕಾಯಲಿಲ್ಲ. ಡಬ್ಬಿ ತೊಳೆಯಲೆಂದು ಚೀಲಕ್ಕೆ ಕೈ ಹಾಕಿದವಳು ಪ್ಲಾಸ್ಟರನ್ನು ಹೊರತೆಗೆದು, ದೀಪ ಹಾಕಿ, ಹೆಬ್ಬೆರಳಿನಿಂದ ಆ ಕೋರೆಹಲ್ಲನ್ನು ಸವರಿದಳು. ಆಮೇಲೆ ತನ್ನ ಬಾಯೊಳಗಿನ ಅದೇ ಹಲ್ಲನ್ನು ಮುಟ್ಟಿಕೊಂಡಳು. "ಇದು ನಮ್ಮದಲ್ವಾ?" ಅಂದಳು, ಅಷ್ಟೆ. ಅವಳು ಅಳಲಿಲ್ಲ. ಒಲೆ ಆರಿಸಿ, ಚಪ್ಪಲಿ ಮೆಟ್ಟಿಕೊಂಡು, ನಡೀರಿ ಈಗಲೇ ಹೋಗಿ ಕರ್ಕೊಂಡು ಬರೋಣ ಎಂದು ಬಾಗಿಲಲ್ಲಿ ನಿಂತಳು. ಮಂಡಿ ನೋವಿನವಳು ಗೋಡೆ ಹಿಡಿಯದೆ ಮೆಟ್ಟಿಲು ಇಳಿದಳು. ನಾನು ಹೋಗಿ ಕೈ ಹಿಡಿದು ವಾಪಸು ಕರೆತಂದೆ. ಅದಕ್ಕೆ ಅವಳು ನನ್ನನ್ನು ಇನ್ನೂ ಕ್ಷಮಿಸಿಲ್ಲ.

ಯಾಕೆ ವಾಪಸು ಕರೆತಂದೆ ಎಂದು ನಿನಗೂ ಹೇಳಬೇಕು. ನನಗೂ ಹೊರಡುವ ಮನಸ್ಸೇ ಇತ್ತು. ಆವತ್ತು ಮಧ್ಯಾಹ್ನವೇ ಮೇಜಿನ ಮೇಲಿದ್ದ ಸುತ್ತಿಗೆಯನ್ನು ಕಿಸೆಗೆ ಹಾಕಿಕೊಂಡಿದ್ದೆ, ಹಲ್ಲಿನ ಸುತ್ತಿಗೆ, ಅದರಲ್ಲಿ ಒಂದು ಕಡಲೆಕಾಯಿಯೂ ಒಡೆಯುವುದಿಲ್ಲ. ಪಾಲಿಶ್ ಅಕ್ಕ ಅದನ್ನು ಕಸಿದುಕೊಂಡು ಕೂರಿಸಿದಳು. ಅವಳ ಅಣ್ಣಂದಿರು ಹೀಗೇ ಗುಂಪು ಕಟ್ಟಿಕೊಂಡು ಬಂದಿದ್ದರಂತೆ. ಬೀದಿಯಲ್ಲಿ ನಿಂತು ಕೂಗಾಡಿ, ಅವಳ ಗಂಡನ ಅಂಗಿ ಹಿಡಿದು ಜಗ್ಗಾಡಿ, ಇನ್ನೊಮ್ಮೆ ಕೈ ಮಾಡಿದರೆ ನೋಡು ಎಂದು ಹೇಳಿ ಊಟದ ಹೊತ್ತಿಗೆ ತಮ್ಮ ತಮ್ಮ ಮನೆಗೆ ಹೋದರಂತೆ. "ಅವರು ಹೋದರು, ನಾನು ಉಳಿದೆ. ಆಮೇಲೆ ಬಾಗಿಲು ಹಾಕಿದ್ದು ನೆನಪಿದೆ" ಎಂದಳು. "ಮೊದಲು ಅವಳನ್ನ ಕೇಳಿ. ನನ್ನ ಯಾರೂ ಕೇಳಲಿಲ್ಲ" ಎಂದಷ್ಟೇ ಹೇಳಿ ಚಕ್ರದ ಕಡೆಗೆ ತಿರುಗಿದಳು. ಅದಕ್ಕೇ ಈ ಕಾಗದ.

ಮಾರನೆಯ ದಿನ ಡಾಕ್ಟರಮ್ಮನಿಗೆ ಫೋನು ಮಾಡಿದೆ. ಅವರು ಒಳ್ಳೆಯ ಹುಷಾರಿನವರು. ರೋಗಿಯ ವಿಷಯ ನಿಮಗೆ ಹೇಳಲಾಗುವುದಿಲ್ಲ ಎಂದುಬಿಟ್ಟರು. ನೀವು ಏನೂ ಹೇಳಬೇಡಿ, ನಾನು ಹೇಳುತ್ತೇನೆ ಎಂದು ಆ ಕೋರೆಹಲ್ಲಿನ ಕಥೆ, ಮೊಲದ ಕಥೆ, ಬಸ್ ನಿಲ್ದಾಣದ ಕಥೆ ಎಲ್ಲ ಹೇಳಿದೆ. ಅವರು ಎಲ್ಲ ಕೇಳಿಸಿಕೊಂಡು, ಕಾಗದ ಕೊಟ್ಟರೆ ತಲುಪಿಸುತ್ತೇನೆ, ಓದುವುದು ಬಿಡುವುದು ಅವರಿಗೆ ಸೇರಿದ್ದು ಎಂದರು. ಮತ್ತೊಂದನ್ನೂ ಹೇಳಿದರು. ತಾವು ಕಂಡ ಗಾಯವನ್ನು ಕಂಡ ಹಾಗೆಯೇ ಬರೆದಿಟ್ಟಿದ್ದಾರಂತೆ. ಮುಂದೆ ನೀನು ಕೇಳಿದರೆ ನಿನಗೆ ಕೊಡುತ್ತಾರೆ, ನೀನು ಕೇಳದಿದ್ದರೆ ಯಾರಿಗೂ ಇಲ್ಲ. ದೂರು ಕೊಡಬೇಕೋ ಬೇಡವೋ, ಯಾವಾಗ, ಅದೆಲ್ಲ ನಿನ್ನ ಇಷ್ಟ. ನಾನು ಆ ಬಗ್ಗೆ ಒಂದು ಮಾತನ್ನೂ ಆಡುವುದಿಲ್ಲ.

ಏನಾಯಿತು, ಯಾಕಾಯಿತು ಎಂದೂ ನಾನು ಕೇಳುವುದಿಲ್ಲ. ಈ ಕಿಟಕಿಯ ಎದುರು ಅಷ್ಟು ಜನರ ಬಾಯಿಂದ ಕಾರಣ ಹೇಳಿಸಿದ್ದು ಸಾಕಾಗಿದೆ. ಸಾರಿಗೆ ಉಪ್ಪು ಹೆಚ್ಚಾಯಿತೋ, ಫೋನು ಎತ್ತುವುದು ತಡವಾಯಿತೋ, ಎದುರು ಮಾತಾಡಿದೆಯೋ, ಏನೇ ಇರಲಿ, ಅದಕ್ಕೆ ಹಲ್ಲು ಬೀಳಬೇಕಾದದ್ದಿಲ್ಲ. ನೀನು ಏನನ್ನೋ ಸರಿಯಾಗಿ ಮಾಡಿದ್ದರೆ ಹೀಗಾಗುತ್ತಿರಲಿಲ್ಲ ಎಂದು ಕನ್ನಡಿಯ ಮುಂದೆ ಲೆಕ್ಕ ಹಾಕುತ್ತಿದ್ದರೆ, ದಯವಿಟ್ಟು ನಿಲ್ಲಿಸು. ಹೊಡೆದದ್ದು ನಿನ್ನ ಗಂಡ. ತಪ್ಪು ಅವನದು. ನೋಡು, ಬರೆಯುತ್ತಾ ಬರೆಯುತ್ತಾ ಬಹುವಚನ ಎಲ್ಲೋ ಬಿದ್ದುಹೋಗಿದೆ. ಬಗ್ಗಿ ಹೆಕ್ಕಿಕೊಳ್ಳುವ ಮನಸ್ಸಿಲ್ಲ, ಹೇಗೂ ಸೊಂಟ ನೋವು.

ಸಿಟ್ಟು ಬಂದಿದೆಯೇ ಎಂದರೆ ಬಂದಿದೆ. ಆದರೆ ಸಿಟ್ಟಿಗಿಂತ ಹೆಚ್ಚಾಗಿ ನನಗೆ ಸುಸ್ತಾಗಿದೆ ಮಗಳೇ. ಒಬ್ಬ ಮುರಿಯುತ್ತಾನೆ, ನಾನು ಮಾಡಿಕೊಡುತ್ತೇನೆ, ಮತ್ತೆ ಮುರಿಯುತ್ತಾನೆ, ಮತ್ತೆ ಮಾಡಿಕೊಡುತ್ತೇನೆ. ಮಾಡಿದ್ದನ್ನು ಹಾಕಿಕೊಂಡು ಅವರು ಅದೇ ಮನೆಗೆ ಹೋಗುತ್ತಾರೆ, ನೋಡಿದವರು ಎಲ್ಲ ಸರಿಯಾಯಿತು ಅನ್ನುತ್ತಾರೆ. ಬೀದಿಯಲ್ಲಿ ಹೋಗುವಾಗ ಚೆಂದಾಗಿ ನಗುವ ಹೆಂಗಸನ್ನು ಕಂಡರೆ ಇದು ಯಾವ ಲ್ಯಾಬಿನ ಕೆಲಸ ಎಂದು ನೋಡುವಂತಾಗಿದೆ ನನ್ನ ಕಣ್ಣು. ನಿನ್ನ ಪ್ಲೇಟನ್ನು ಬೇರೆಯವರಿಗೆ ಕೊಡಿ, ನನ್ನ ಕೈಯಿಂದ ಆಗುವುದಿಲ್ಲ ಎಂದು ಮಾಲೀಕರಿಗೆ ಹೇಳಿದ್ದೆ. ಆಮೇಲೆ ಬೇರೆ ಯಾರೋ ನಿನಗೆ ಸಣ್ಣ ಸಣ್ಣ ಹಲ್ಲು ಜೋಡಿಸಿ ಮೊಲವನ್ನು ಇಲಿ ಮಾಡಿಯಾರೆಂದು ಹೆದರಿ ನಾನೇ ಕೂತೆ. ಬೀರುವಿನ ಮೇಲಿನ ಹಳೆಯದನ್ನು ಎದುರಿಗಿಟ್ಟುಕೊಂಡು, ಅದೇ ಅಗಲ, ಅದೇ ಉದ್ದ, ನಡುವಿನ ಆ ಕೂದಲೆಳೆಯಷ್ಟು ಸಂದಿಯನ್ನೂ ಬಿಟ್ಟು ಮಾಡಿದ್ದೇನೆ. ಅಕ್ಕ ಹೊಳಪು ಕೊಟ್ಟಿದ್ದಾಳೆ. ಕನ್ನಡಿ ಕೇಳಿ ನೋಡಿಕೋ.

ನಮ್ಮ ಮನೆ ನಿನಗೆ ಗೊತ್ತಿರುವ ಮನೆಯೇ. ಮುಂದಿನ ಕೋಣೆಯಿಂದ ಅಮ್ಮ ಹೊಲಿಗೆ ಮಷೀನನ್ನು ಎತ್ತಿಸಿ ನಡುಮನೆಗೆ ಹಾಕಿಸಿದ್ದಾಳೆ, ಈಗ ಅಲ್ಲಿ ಇಬ್ಬರು ಆರಾಮಾಗಿ ಮಲಗಬಹುದು. ಜನ ಆಡಿಕೊಳ್ಳುತ್ತಾರೆ ಎಂಬ ಚಿಂತೆಯಿದ್ದರೆ ಬಿಡು. ಆಡಿಕೊಳ್ಳುವವರ ಬಾಯಲ್ಲಿ ಹಲ್ಲುಗಳೆಲ್ಲ ನೆಟ್ಟಗಿವೆ, ಆಡಿಕೊಳ್ಳಲಿ. ಬಸ್ ನಿಲ್ದಾಣದವರು ಆ ನೆಗಡಿಯ ಹುಡುಗಿಯ ಜೊತೆಗೆ ಇನ್ನೊಬ್ಬರನ್ನು ಹುಡುಕುತ್ತಿದ್ದಾರಂತೆ, ಪಾರ್ಸೆಲ್ ಕೌಂಟರಿನವನು ಹೇಳಿದ. ಸುಮ್ಮನೆ ಸುದ್ದಿಗೆ ಹೇಳಿದೆ.

ಅಮ್ಮ ನಿನ್ನ ತಲೆ ನೇವರಿಸಿದ್ದಾಳೆಂದು ಬರೆಯಲು ಹೇಳಿದಳು. ಪಾಲಿಶ್ ಅಕ್ಕ ನಿನ್ನನ್ನು ಕೇಳಿದಳು. ಪುಟ್ಟಿಗೆ ಅಜ್ಜನ ಮುತ್ತು, ಗಡ್ಡ ಚುಚ್ಚದ ಹಾಗೆ. ನೀನು ಎಲ್ಲಿದ್ದರೂ ಹೆದರಿಕೆಯಿಲ್ಲದೆ ಉಂಡು, ಹೆದರಿಕೆಯಿಲ್ಲದೆ ಮಲಗುವಂತಾಗಲಿ ಎಂಬುದಷ್ಟೇ ನನ್ನ ಹಾರೈಕೆ, ಇದಕ್ಕಿಂತ ದೊಡ್ಡದು ನನಗೆ ತೋಚುತ್ತಿಲ್ಲ.

ನಿನ್ನಿಂದ ಬೆರಳು ಕಚ್ಚಿಸಿಕೊಂಡ
ಅಪ್ಪ

ಮರೆತೆ: ಪಾರ್ಸೆಲ್ಲಿನ ಬಸ್ಸು ಹೊರಡುವ ಹೊತ್ತಾಯಿತು, ಅಕ್ಕ ಡಬ್ಬಿ ಹಿಡಿದುಕೊಂಡು ನಿಂತಿದ್ದಾಳೆ, ಮುಖ್ಯವಾದದ್ದನ್ನೇ ಬರೆದಿಲ್ಲ. ನೋಡುವುದಕ್ಕೆ ಚೆಂದವಿದೆ ನಿಜ, ಆದರೆ ಆ ಪ್ಲೇಟನ್ನು ನಾನು ಬೇಕೆಂದೇ ತಪ್ಪು ಮಾಡಿದ್ದೇನೆ. ಹಲ್ಲಿನ ಹಿಂಬದಿಯಲ್ಲಿ ಸಾಸಿವೆಯಷ್ಟು ಉಬ್ಬು ಬಿಟ್ಟಿದ್ದೇನೆ, ಬಾಯಿ ಮುಚ್ಚಿದರೆ ಒತ್ತುತ್ತದೆ, ಗಾಯವಾಗುವುದಿಲ್ಲ. ಒಂದೇ ಸಲಕ್ಕೆ ಮುಗಿಸಿ, ಪದೇ ಪದೇ ಕರೆಸಬೇಡಿ ಎಂದು ನಿನ್ನ ಗಂಡ ಡಾಕ್ಟರಮ್ಮನಿಗೆ ಹೇಳಿದ್ದಾನಂತೆ. ಹಲ್ಲು ಸರಿಯಾಗಿ ಕೂತುಬಿಟ್ಟರೆ ನಿನಗೆ ಈ ಕುರ್ಚಿ ಮತ್ತೆ ಸಿಗುವುದಿಲ್ಲ. ಅದಕ್ಕೇ. ಡಾಕ್ಟರಮ್ಮನೂ ಇದಕ್ಕೆ ಒಪ್ಪಿದ್ದಾರೆ.

ನಿನಗೆ ಅಲ್ಲೇ ಇರಬೇಕೆನಿಸಿದರೆ ಏನೂ ಹೇಳಬೇಡ. ಡಾಕ್ಟರಮ್ಮ ಆ ಉಬ್ಬನ್ನು ಅಲ್ಲೇ ಉಜ್ಜಿ ತೆಗೆಯುತ್ತಾರೆ, ಹಾಕಿಕೊಂಡು ಮನೆಗೆ ಹೋಗು. ನಾನು ಬೇಸರ ಮಾಡಿಕೊಳ್ಳುವುದಿಲ್ಲ, ಅಮ್ಮನನ್ನೂ ನೋಡಿಕೊಳ್ಳುತ್ತೇನೆ, ಬಾಗಿಲು ಆಗಲೂ ತೆರೆದೇ ಇರುತ್ತದೆ. ನಮ್ಮಲ್ಲಿಗೆ ಬರಬೇಕೆನಿಸಿದರೆ, ಪ್ಲೇಟು ವಾಪಸು ಲ್ಯಾಬಿಗೆ ಹೋಗಬೇಕು, ಮುಂದಿನ ಬುಧವಾರ ಇದೇ ಹೊತ್ತಿಗೆ ಬನ್ನಿ ಎಂದು ಡಾಕ್ಟರಮ್ಮ ಹೊರಗೆ ಬಂದು ಅವನಿಗೆ ಹೇಳುತ್ತಾರೆ. ಮಗುವಿನ ಹೊಸ ಹಲ್ಲು ಸೊಟ್ಟ ಬರುತ್ತಿದೆಯೋ ಏನೋ, ಅವಳನ್ನೂ ಕರೆತನ್ನಿ ಎಂದೂ ಹೇಳುತ್ತಾರೆ. ಬಟ್ಟೆಬರೆ ಏನೂ ತರಬೇಡ, ಚೀಲ ದಪ್ಪಗಿದ್ದರೆ ಕಣ್ಣಿಗೆ ಬೀಳುತ್ತದೆ. ನಿನ್ನ ಸರ್ಟಿಫಿಕೇಟು, ಪುಟ್ಟಿಯ ಕಾಗದಪತ್ರ ಕೈಗೆ ಸಿಕ್ಕರೆ ತಾ, ಸಿಗದಿದ್ದರೆ ಬಿಡು. ಡಾಕ್ಟರಮ್ಮ ಸಾಮಾನು ತೊಳೆಯುವ ಹಿಂದಿನ ಕೋಣೆಗೆ ಇನ್ನೊಂದು ಬೀದಿಯ ಕಡೆಗೆ ಬಾಗಿಲಿದೆ. ಆವತ್ತು ಆ ಕೋಣೆಯಲ್ಲಿ ನಾನಿರುತ್ತೇನೆ, ಸರಿಯಾದ ಹಲ್ಲು ನನ್ನ ಜೇಬಿನಲ್ಲಿರುತ್ತದೆ. ಅಮ್ಮ ಹೊರಗೆ ಕಾರಿನಲ್ಲಿರುತ್ತಾಳೆ.

ಇಷ್ಟು ವರ್ಷದಲ್ಲಿ ನನ್ನ ಮೇಜಿಗೆ ಒಂದು ಹಲ್ಲೂ ವಾಪಸು ಬಂದಿಲ್ಲ ಎಂದು ಮೇಲೆ ಕೊಚ್ಚಿಕೊಂಡಿದ್ದೇನೆ. ಇದೊಂದು ಬರಲಿ. ಹಾಕಿಕೊಂಡು ಬಾಯಿ ಮುಚ್ಚಿ ನೋಡು, ಆಮೇಲೆ 'ನೋಯುತ್ತೆ' ಅನ್ನು. ಗಟ್ಟಿಯಾಗಿ ಅನ್ನು ಮಗಳೇ, ಹೊರಗಿನ ಬೆಂಚಿಗೂ ಕೇಳುವ ಹಾಗೆ.